ಬೆಂಕಿಪುರದ ಗೇಟಿನಿಂದ ಹುಣಸೋಡಿನ ಲಾರಿಯವರೆಗೆ

2021ರ ಜನವರಿ 21, ಗುರುವಾರ. ರಾತ್ರಿ ಹತ್ತೂ ಇಪ್ಪತ್ತರ ಸುಮಾರಿಗೆ ಶಿವಮೊಗ್ಗದ ಸುತ್ತಲಿನ ಊರುಗಳಲ್ಲಿ ಜನ ಮನೆ ಬಿಟ್ಟು ಬೀದಿಗೆ ಓಡಿಬಂದರು. ನೆಲ ಅದುರಿತ್ತು. ಕಿಟಕಿ ಗಾಜು ಒಡೆದಿದ್ದವು. ಭೂಕಂಪ ಎಂದೇ ಎಲ್ಲರೂ ತಿಳಿದರು. ಶಿವಮೊಗ್ಗ, ಭದ್ರಾವತಿ ಇರಲಿ, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಯ ಕಡೆಯಿಂದಲೂ ಫೋನು ಬಂದವು. ಹೊಳಲೂರು ಕಡೆಯ ಓದುಗರಿಗೂ ಆ ರಾತ್ರಿ ನೆನಪಿರುತ್ತದೆ.

ಭೂಕಂಪ ಅಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಬ್ಬಲಗೆರೆ ಹತ್ತಿರದ ಹುಣಸೋಡಿನ ಕಲ್ಲು ಕ್ರಷರ್ ಬಳಿ ಜಿಲೆಟಿನ್ ಕಡ್ಡಿ ತುಂಬಿದ್ದ ಲಾರಿ ಸಿಡಿದಿತ್ತು. ಆರು ಜನ ಸತ್ತರು. ಅವರಲ್ಲಿ ಭದ್ರಾವತಿ ಕಡೆಯ ಯುವಕರೂ ಇದ್ದರು.

ಆ ಲಾರಿಯ ಕಥೆಯನ್ನು ಆಗ ಎಲ್ಲ ಪತ್ರಿಕೆಗಳೂ ಬರೆದವು. ಅಕ್ರಮ ಗಣಿಗಾರಿಕೆ, ರಾಜಕೀಯ, ಬಂಧನ, ಎಲ್ಲವೂ ಬಂತು. ನಾವು ಇಲ್ಲಿ ಬರೆಯಲು ಹೊರಟಿರುವುದು ಅದರ ಹಿಂದಿನ ನೂರು ವರ್ಷದ ಮಾತು. ನಮ್ಮ ಜಿಲ್ಲೆಗೆ ಅಪಾಯದ ವಸ್ತುಗಳು ಹೊಸದಲ್ಲ. ಅವನ್ನು ಹಿಡಿತದಲ್ಲಿಡುವ ಕಾನೂನು ಹೇಗೆ ಬಂತು, ಆ ಕಾನೂನಿನಲ್ಲಿ ಕಾರ್ಖಾನೆಯ ಬೇಲಿಯ ಹೊರಗಿರುವ ನಮಗೆ ಏನು ಬರೆದಿದೆ, ಅದು ನಮಗೆ ಯಾಕೆ ತಲುಪಲಿಲ್ಲ, ಇದು ನಮ್ಮ ಪ್ರಶ್ನೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಕಾರ್ಖಾನೆಯಿಂದ ಬಂದದ್ದಲ್ಲ, ಅದಕ್ಕಿಂತ ಹಿಂದಿನದು. ಆದರೆ ಹೆಸರಿಗೆ ತಕ್ಕಂತೆ ಬೆಂಕಿಯ ಕೆಲಸವೇ ಅಲ್ಲಿಗೆ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ, ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರ ಜನವರಿ 18ರಂದು ಕೆಲಸ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಬರುವುದು ಮರ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ಈ ಮರದ ಭಟ್ಟಿ ಏನೆಂದು ಸ್ವಲ್ಪ ನಿಂತು ನೋಡಬೇಕು. ಇವತ್ತು ಅದನ್ನು ರಾಸಾಯನಿಕ ಕಾರ್ಖಾನೆ ಎಂದು ಯಾರೂ ನೆನಪಿಸಿಕೊಳ್ಳುವುದಿಲ್ಲ. ಆದರೆ ಅದು ಅದೇ.

ಇದ್ದಿಲು ಸುಡುವುದು ನಮ್ಮವರಿಗೆ ಗೊತ್ತಿದ್ದ ಕೆಲಸ. ಗುಂಡಿಯಲ್ಲಿ ಸೌದೆ ಜೋಡಿಸಿ, ಮಣ್ಣು ಮುಚ್ಚಿ, ಗಾಳಿ ಹೆಚ್ಚು ಸಿಗದಂತೆ ಒಳಗೊಳಗೇ ಬೇಯಿಸುವುದು. ಹೊಗೆ ಆಕಾಶಕ್ಕೆ ಹೋಗುತ್ತದೆ. ಭಟ್ಟಿಯಲ್ಲಿ ಆ ಹೊಗೆಯನ್ನು ಬಿಡುವುದಿಲ್ಲ. ಮುಚ್ಚಿದ ಕಬ್ಬಿಣದ ಕೋಣೆಯಲ್ಲಿ ಮರವನ್ನು ಕಾಯಿಸಿ, ಬರುವ ಹೊಗೆಯನ್ನು ತಣಿಸಿ ನೀರಾಗಿಸುತ್ತಾರೆ. ಆ ಹುಳಿ ನೀರಿಗೆ ಸುಣ್ಣ ಸೇರಿಸಿದರೆ ಅಸಿಟೇಟ್ ಸಿಗುತ್ತದೆ. ಅದೇ ನೀರಿನಿಂದ ಮೆಥನಾಲ್, ಅಂದರೆ ಮರದ ಸ್ಪಿರಿಟ್ ಬರುತ್ತದೆ. ಟಾರು ಬರುತ್ತದೆ. ಕೊನೆಗೆ ಉಳಿಯುವ ಇದ್ದಿಲು ಕುಲುಮೆಗೆ ಹೋಗುತ್ತದೆ.

ಇದರಲ್ಲಿ ಪ್ರತಿ ಹಂತಕ್ಕೂ ಒಂದು ಅಪಾಯ ಅಂಟಿಕೊಂಡಿದೆ. ಬಿಸಿ ಇದ್ದಿಲನ್ನು ಕೋಣೆಯಿಂದ ಹೊರಗೆ ತೆಗೆದ ಕೂಡಲೇ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಮುಚ್ಚಿಟ್ಟು ಆರಿಸಬೇಕು. ಮೆಥನಾಲ್ ಕುಡಿಯುವ ಹೆಂಡದ ಹಾಗೇ ಕಾಣುತ್ತದೆ, ಸ್ವಲ್ಪ ಕುಡಿದರೂ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. ಇನ್ನು ಕುಲುಮೆಯ ಅನಿಲ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸ್ವಲ್ಪ ಭಾರವಾಯಿತು ಎನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಕೆಂಡದ ಒಲೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂಬ ಸುದ್ದಿ ಆಗಾಗ ಓದುತ್ತೀರಲ್ಲ, ಆ ಅನಿಲವೇ ಇದು.

ಆಗಿನ ಕಾನೂನು ಏನು ನೋಡುತ್ತಿತ್ತು? ಬ್ರಿಟಿಷ್ ಭಾರತದಲ್ಲಿ 1884ರಿಂದ ಸ್ಫೋಟಕ ಕಾಯ್ದೆ ಇತ್ತು. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ 1923ರಲ್ಲೇ ಬಾಯ್ಲರ್ ಕಾಯ್ದೆ ಬಂತು. 1934ರಲ್ಲಿ ಪೆಟ್ರೋಲಿಯಂ ಕಾಯ್ದೆ. ಎಲ್ಲವೂ ಸಿಡಿಯುವ, ಉರಿಯುವ ವಸ್ತುಗಳ ಬಗ್ಗೆ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನ ಕೈಕಾಲಿನ ಬಗ್ಗೆ ಯೋಚಿಸಿತು: ಯಂತ್ರಕ್ಕೆ ಕವಚ, ಕೆಲಸದ ಗಂಟೆ, ಕುಡಿಯುವ ನೀರು. ಒಳ್ಳೆಯದೇ. ಆದರೆ ಬೇಲಿಯ ಹೊರಗೆ ಒಂದು ಊರು ಇದೆ, ಗಾಳಿ ಆ ಕಡೆಗೂ ಬೀಸುತ್ತದೆ ಎಂಬ ಯೋಚನೆ ಆ ಕಾಯ್ದೆಯಲ್ಲಿ ಇರಲಿಲ್ಲ.

1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಪೇಪರ್ ಟೌನ್ ಹುಟ್ಟಿತು. ಅದೇ ದಶಕದ ಕೊನೆಗೆ ಸಿಮೆಂಟೂ ಬಂತು. ಭದ್ರಾವತಿಯಲ್ಲಿ ಕೆಲಸ ಸಿಕ್ಕಿದರೆ ಸರ್ಕಾರಿ ನೌಕರಿ ಸಿಕ್ಕಿದ ಹಾಗೆ, ಹೆಣ್ಣು ಕೊಡುವವರು ಎರಡನೇ ಮಾತು ಆಡುತ್ತಿರಲಿಲ್ಲ. ಒಳಗೆ ಏನೇನು ಬಳಸುತ್ತಾರೆ ಎಂದು ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಕಾಗದ ಬೆಳ್ಳಗಾಗಲು ಆ ಕಾಲದ ಕಾರ್ಖಾನೆಗಳಲ್ಲಿ ಕ್ಲೋರಿನ್ ಬಳಕೆ ಸಾಮಾನ್ಯ. ನಿಮ್ಮ ಊರಿನ ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆ ಗೊತ್ತಲ್ಲ, ಅದರ ಮೂಲ ಇದೇ. ಅನಿಲವಾಗಿದ್ದಾಗ ಹಳದಿ ಹಸಿರು ಬಣ್ಣ, ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹೋಗಿ ಕರಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಕಂದಕ ಎಂದರೆ ತಗ್ಗು.

ಹೊಳೆಯ ವಿಷಯ ಬೇರೆ. ಭದ್ರೆಯ ನೀರು ಭದ್ರಾವತಿ ದಾಟಿ ಕೂಡ್ಲಿಯಲ್ಲಿ ತುಂಗೆಗೆ ಸೇರಿ ಹೊಳಲೂರು, ಹೊನ್ನಾಳಿ ಕಡೆ ಹರಿಯುತ್ತದೆ. ನೀರಿನ ಬಣ್ಣ ಬದಲಾದರೆ ಕೆಳಗಿನ ಊರವರಿಗೆ ಕಾಣುತ್ತದೆ, ಮೀನು ಸತ್ತರೆ ತೇಲುತ್ತದೆ. ಅದಕ್ಕೇ ನಮ್ಮ ನದಿಯ ದಂಡೆಯಲ್ಲಿ ಮೊದಲು ಜಗಳ ಶುರುವಾದದ್ದು ನೀರಿನ ಮೇಲೆ. ಹರಿಹರದ ಆಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ವಿರುದ್ಧ 1980ರ ದಶಕದಲ್ಲಿ ತುಂಗಭದ್ರೆಯ ದಂಡೆಯ ಹಳ್ಳಿಗಳವರು, ಮೀನುಗಾರರು ಹೋರಾಡಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರಲ್ಲಿ ಮುಂದಿತ್ತು. ಗಾಳಿಯ ಅಪಾಯಕ್ಕೆ ಅಂಥ ಹೋರಾಟ ಆಗಲಿಲ್ಲ. ಸೋರುವ ತನಕ ಅದು ಕಣ್ಣಿಗೆ ಬೀಳುವುದಿಲ್ಲ.

ಕಣ್ಣಿಗೆ ಬಿದ್ದದ್ದು ಭೋಪಾಲ್‌ನಲ್ಲಿ.

1984ರ ಡಿಸೆಂಬರ್ 2ರ ರಾತ್ರಿ, 3ರ ನಸುಕು. ಯೂನಿಯನ್ ಕಾರ್ಬೈಡ್‌ನ ಕೀಟನಾಶಕ ಕಾರ್ಖಾನೆಯ ಒಂದು ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಇತ್ತು. ಅದಕ್ಕೆ ನೀರು ಸೇರಿತು, ಕುದಿಯಿತು, ಅನಿಲವಾಗಿ ಹೊರಬಂತು. ಅದನ್ನು ತಣ್ಣಗೆ ಇಡುವ ಯಂತ್ರ ತಿಂಗಳುಗಳಿಂದ ಬಂದ್ ಆಗಿತ್ತು. ಸೋರಿದ ಅನಿಲವನ್ನು ತೊಳೆಯುವ ವ್ಯವಸ್ಥೆ ಸಿದ್ಧವಿರಲಿಲ್ಲ. ಸುಟ್ಟುಹಾಕುವ ಗೋಪುರದ ಪೈಪನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ಊರಿಗೆ ಕೇಳುವ ಸೈರನ್ ಕೂಗಿಸಿ ಸ್ವಲ್ಪ ಹೊತ್ತಿಗೇ ನಿಲ್ಲಿಸಿದ್ದರು. ಹಮೀದಿಯಾ ಆಸ್ಪತ್ರೆಗೆ ಜನ ಸಾಲುಗಟ್ಟಿ ಬಂದಾಗ ವೈದ್ಯರಿಗೆ ಅದು ಯಾವ ಅನಿಲ ಎಂದೇ ಗೊತ್ತಿರಲಿಲ್ಲ. ಸರ್ಕಾರ ಮೊದಲು ಹೇಳಿದ ಸಾವಿನ ಲೆಕ್ಕ 2,259. ನಿಜವಾದ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಊರವರು ಇವತ್ತಿಗೂ ಹೇಳುತ್ತಾರೆ.

ಪತ್ರಿಕೋದ್ಯಮ ಓದಿದ ನಮಗೆ ಈ ಕಥೆಯಲ್ಲಿ ಇನ್ನೊಬ್ಬರು ಮುಖ್ಯ. ರಾಜಕುಮಾರ್ ಕೇಸ್ವಾನಿ. ಭೋಪಾಲ್‌ನಲ್ಲಿ 'ರಪಟ್' ಎಂಬ ಸಣ್ಣ ವಾರಪತ್ರಿಕೆ ನಡೆಸುತ್ತಿದ್ದರು. 1981ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲ ತಾಗಿ ಒಬ್ಬ ಕಾರ್ಮಿಕ ಸತ್ತಾಗ ಅವರು ಒಳಗಿನ ವರದಿಗಳನ್ನು ಹುಡುಕತೊಡಗಿದರು. 1982ರಲ್ಲೇ, ಊರಿಗೆ ಊರೇ ಅಪಾಯದಲ್ಲಿದೆ ಎಂದು ಮತ್ತೆ ಮತ್ತೆ ಬರೆದರು. 1984ರ ಜೂನ್‌ನಲ್ಲಿ 'ಜನಸತ್ತಾ'ದಲ್ಲಿ ಇನ್ನೊಮ್ಮೆ ಬರೆದರು. ಯಾರೂ ಕಿವಿಗೊಡಲಿಲ್ಲ. ಆರು ತಿಂಗಳಿಗೆ ಅನಿಲ ಬಂತು. ಸಣ್ಣ ಪತ್ರಿಕೆಯವರು ಬರೆದದ್ದಕ್ಕೆ ಬೆಲೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾವು ಅವರ ಹೆಸರು ಹೇಳುತ್ತೇವೆ.

ಭೋಪಾಲ್‌ಗೆ ಸರಿಯಾಗಿ ಒಂದು ವರ್ಷಕ್ಕೆ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಈ ಸಲ ಸುಪ್ರೀಂ ಕೋರ್ಟಿನ ಮೂಗಿನ ಕೆಳಗೇ. 1986ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿದ್ದು ಇಷ್ಟು: ಅಪಾಯದ ವಸ್ತು ಇಟ್ಟುಕೊಂಡು ಲಾಭ ಮಾಡುವವನು, ಅದರಿಂದ ಹಾನಿಯಾದರೆ ನೆಪ ಹೇಳದೆ ಹೊಣೆ ಹೊರಬೇಕು. ತಪ್ಪು ಯಾರದು ಎಂದು ನೊಂದವನು ರುಜುವಾತು ಮಾಡಬೇಕಿಲ್ಲ.

ಆಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ. ಈ ತಿದ್ದುಪಡಿಯಲ್ಲಿ ಅಪಾಯಕಾರಿ ಉದ್ದಿಮೆಗಳ ಒಂದು ಪಟ್ಟಿ ಸೇರಿತು. ಅದರಲ್ಲಿ ಮೊದಲನೆಯದೇ ಕಬ್ಬಿಣ ಮತ್ತು ಉಕ್ಕು. ಮುಂದೆ ಕಾಗದ ಇದೆ, ಸಿಮೆಂಟ್ ಇದೆ. ಭದ್ರಾವತಿಯ ಮೂರೂ ಉದ್ದಿಮೆಗಳು ಒಂದೇ ಪಟ್ಟಿಯಲ್ಲಿ ಬಂದುಬಿಟ್ಟವು, ಕುಲುಮೆ ಹೊತ್ತಿ 64 ವರ್ಷ ಆದ ಮೇಲೆ.

ಅದೇ ತಿದ್ದುಪಡಿಯ 41ಬಿ ಕಲಮು ನಮ್ಮಂಥವರಿಗೆ ಬೇಕಾದದ್ದು. ಒಳಗೆ ಏನು ಅಪಾಯವಿದೆ, ಅದನ್ನು ಹೇಗೆ ತಡೆದಿದ್ದೇವೆ ಎಂದು ಕಾರ್ಖಾನೆಯವರು ಕಾರ್ಮಿಕರಿಗೆ, ಅಧಿಕಾರಿಗಳಿಗೆ, ಸ್ಥಳೀಯ ಆಡಳಿತಕ್ಕೆ, ಸುತ್ತಮುತ್ತಲ ಸಾರ್ವಜನಿಕರಿಗೆ ತಿಳಿಸಬೇಕು. ಭಾರತದ ಕಾರ್ಖಾನೆ ಕಾನೂನು ಬೇಲಿಯ ಆಚೆ ಇಣುಕಿದ್ದು ಆಗ.

1989ರ ನವೆಂಬರಿನಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಬಂದವು. ಹೆಸರು ಉದ್ದ, ತಿರುಳು ಸರಳ. ಯಾವ ರಾಸಾಯನಿಕ, ಎಷ್ಟು ಟನ್ ಇದ್ದರೆ ಯಾವ ಕಟ್ಟುಪಾಡು ಎಂದು ಪಟ್ಟಿ ಮಾಡಿದರು. ಕಾರ್ಖಾನೆಯ ಒಳಗಿನ ತುರ್ತು ಯೋಜನೆ ಮಾಲೀಕನ ಜವಾಬ್ದಾರಿ, ಆರು ತಿಂಗಳಿಗೊಮ್ಮೆ ಅದರ ಅಣಕು ಕಾರ್ಯಾಚರಣೆ. ಹೊರಗಿನ ಊರುಗಳ ತುರ್ತು ಯೋಜನೆ ಜಿಲ್ಲಾಡಳಿತದ ಜವಾಬ್ದಾರಿ, ವರ್ಷಕ್ಕೆ ಒಮ್ಮೆಯಾದರೂ ಅದರ ತಾಲೀಮು. ದೊಡ್ಡ ಪ್ರಮಾಣದಲ್ಲಿ ಸಂಗ್ರಹ ಇರುವಲ್ಲಿ ಆ ಕಾರ್ಖಾನೆಗೆ ಸಂಬಂಧವಿಲ್ಲದ ಹೊರಗಿನ ತಜ್ಞರಿಂದ ಸುರಕ್ಷತಾ ತಪಾಸಣೆ. ಇನ್ನು 15ನೇ ನಿಯಮ: ದುರಂತವಾದರೆ ತೊಂದರೆಗೆ ಸಿಗಬಹುದಾದ ಪ್ರದೇಶದ ಜನರಿಗೆ ಅಪಾಯ ಎಂಥದ್ದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಹೇಳಿರಬೇಕು. ಭೋಪಾಲ್‌ನಲ್ಲಿ ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಗಾಳಿಗೆ ಅಡ್ಡವಾಗಿ ನಡೆಯಿರಿ ಎಂಬಷ್ಟು ಹೇಳುವವರೂ ಇರಲಿಲ್ಲ. ಆ ಕೊರತೆಗೆ ಉತ್ತರ ಈ ನಿಯಮ.

ನಮ್ಮಲ್ಲಿ ಇದನ್ನು ನೋಡಿಕೊಳ್ಳಬೇಕಾದವರು ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು. 1996ರಲ್ಲಿ ಇನ್ನೊಂದು ನಿಯಮ ಬಂದು, ಅಪಾಯದ ಕಾರ್ಖಾನೆ ಇರುವ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಒಂದು ತಂಡ ಇರಬೇಕು, 45 ದಿನಕ್ಕೊಮ್ಮೆ ಕೂಡಬೇಕು ಎಂದಿತು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಹೊರಗಿನ ಜನ ಸತ್ತರೆ ತಕ್ಷಣ ಕೊಡಬೇಕಾದ ಪರಿಹಾರ ₹25,000 ಎಂದು ಬರೆಯಿತು. ಆ ಕಾಲಕ್ಕೂ ಅದು ಒಂದು ಜೋಡಿ ಒಳ್ಳೆಯ ಎತ್ತಿಗಿಂತ ಬಹಳ ಹೆಚ್ಚೇನಲ್ಲ ಎಂಬುದು ನಮ್ಮ ಅನಿಸಿಕೆ. ಸಮಾಧಾನವೆಂದರೆ, ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು, ಐದು ವರ್ಷದೊಳಗೆ.

ಇಷ್ಟೆಲ್ಲ ನಿಯಮ ಇದ್ದ ಮೇಲೆ ಅದನ್ನು ಪಾಲಿಸುವುದು ಎಂದರೇನು? ಹೆಲ್ಮೆಟ್, ಬೂಟು, ಗೋಡೆಯ ಮೇಲೆ 'ಸುರಕ್ಷತೆ ಮೊದಲು' ಎಂಬ ಬರಹ ಎಂದುಕೊಳ್ಳುವವರೇ ಹೆಚ್ಚು. ಅದು ಒಬ್ಬ ಮನುಷ್ಯನ ತಲೆ ಕಾಯುತ್ತದೆ. ಟ್ಯಾಂಕಿನೊಳಗಿನ ವಸ್ತು ಟ್ಯಾಂಕಿನಲ್ಲೇ ಇರುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಅದಕ್ಕೆ ಪ್ರೊಸೆಸ್ ಸೇಫ್ಟಿ ಅನ್ನುತ್ತಾರೆ.

ಇದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಲೈನ್‌ಮನ್ ಕಂಬ ಹತ್ತುವ ಮೊದಲು ಏನು ಮಾಡುತ್ತಾನೆ? ಸ್ಟೇಷನ್‌ಗೆ ಫೋನು ಮಾಡಿ ಎಲ್‌ಸಿ ತೆಗೆದುಕೊಳ್ಳುತ್ತಾನೆ. ಅವನು ಇಳಿದು ಎಲ್‌ಸಿ ವಾಪಸ್ ಕೊಡುವವರೆಗೆ ಕರೆಂಟ್ ಬಿಡುವ ಹಾಗಿಲ್ಲ. ಕಾರ್ಖಾನೆಯಲ್ಲಿ ಪೈಪು ಬಿಚ್ಚುವವನಿಗೂ ಅಂಥದೇ ಚೀಟಿ ಬೇಕು: ವಾಲ್ವ್ ಮುಚ್ಚಿದೆಯೇ, ಬೀಗ ಹಾಕಿದೆಯೇ, ಒಳಗಿನ ಅನಿಲ ಖಾಲಿಯಾಗಿದೆಯೇ, ಅಳೆದವರು ಯಾರು, ಸಹಿ ಎಲ್ಲಿ. ಎಲ್‌ಸಿ ಬರೀ ಪುಸ್ತಕದಲ್ಲಿ ಬರೆದು, ಫೋನು ಮಾಡದೆ ಕಂಬ ಹತ್ತಿಸಿದರೆ ಏನಾಗುತ್ತದೆ ಎಂದು ನಮ್ಮ ಪ್ರತಿ ಹೋಬಳಿಗೂ ಗೊತ್ತು. ರಾಸಾಯನಿಕ ಕಾರ್ಖಾನೆಯಲ್ಲಿ ಅದೇ ತಪ್ಪಾದರೆ ಸಾಯುವವನು ಒಬ್ಬನೇ ಆಗಿರುವುದಿಲ್ಲ.

ಇನ್ನೊಂದು ಪಾಠ ಇಂಗ್ಲೆಂಡಿನದು. 1974ರ ಜೂನ್ 1ರಂದು ಫ್ಲಿಕ್ಸ್‌ಬರೋ ಎಂಬಲ್ಲಿ 28 ಜನ ಸತ್ತರು. ಬಿರುಕು ಬಿಟ್ಟ ಒಂದು ಪಾತ್ರೆಯನ್ನು ತೆಗೆದು, ಉತ್ಪಾದನೆ ನಿಲ್ಲಬಾರದೆಂದು ತಾತ್ಕಾಲಿಕವಾಗಿ ಒಂದು ಪೈಪು ಜೋಡಿಸಿದ್ದರು. ಸರಿಯಾದ ಲೆಕ್ಕ ಹಾಕಿರಲಿಲ್ಲ, ನಕ್ಷೆ ಬರೆದಿರಲಿಲ್ಲ. 'ಸದ್ಯಕ್ಕೆ ಹೀಗೆ ಇರಲಿ' ಎಂದದ್ದು ಸಿಡಿಯಿತು. ಎರಡು ವರ್ಷಕ್ಕೆ ಇಟಲಿಯ ಸೆವೆಸೊದಲ್ಲಿ ವಿಷದ ಮೋಡ ಊರಿನ ಮೇಲೆ ಹರಡಿತು. ಯುರೋಪಿನವರು ಈ ಎರಡರಿಂದ ಕಲಿತು ಬರೆದ ನಿಯಮಗಳ ಛಾಯೆ ನಮ್ಮ 1989ರ ನಿಯಮದಲ್ಲೂ ಇದೆ.

ಈಗ ಭದ್ರಾವತಿಗೆ ವಾಪಸ್ ಬರೋಣ. ಪೇಪರ್ ಮಿಲ್ 2015ರಲ್ಲಿ ಕೆಲಸ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು 1989ರಲ್ಲಿ ಸೈಲ್ ವಹಿಸಿಕೊಂಡಿತ್ತು. ಶತಮಾನ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕೆಲಸ ಹೋದ ಮನೆಗಳ ಕಷ್ಟವನ್ನು ಇಲ್ಲಿ ಎರಡು ಸಾಲಿನಲ್ಲಿ ಮುಗಿಸುವುದು ಅನ್ಯಾಯ, ಅದಕ್ಕೆ ಬೇರೆ ಲೇಖನವೇ ಬೇಕು. ನಾವು ಹೇಳಬೇಕಾದ ಮಾತು ಬೇರೆ: ನಿಂತ ಕಾರ್ಖಾನೆ ಎಂದರೆ ಅಪಾಯ ಮುಗಿದ ಕಾರ್ಖಾನೆ ಎಂದು ಲೆಕ್ಕ ಹಾಕಬಾರದು.

ಭೋಪಾಲ್‌ನಲ್ಲಿ ಆ ರಾತ್ರಿ ಮೀಥೈಲ್ ಐಸೊಸೈನೇಟ್ ತಯಾರಿಕೆ ನಡೆಯುತ್ತಿರಲಿಲ್ಲ, ಸಂಗ್ರಹಿಸಿಟ್ಟದ್ದು ಸೋರಿತು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಎಲ್‌ಜಿ ಪಾಲಿಮರ್ಸ್‌ನ ಸ್ಟೈರೀನ್ ಟ್ಯಾಂಕ್ ಸೋರಿ 12 ಜನ ಸತ್ತಾಗ ಲಾಕ್‌ಡೌನ್‌ನಿಂದ ಕಾರ್ಖಾನೆ ನಿಂತಿತ್ತು. ಟ್ಯಾಂಕಿನೊಳಗೆ ಬಿಸಿ ಏರುತ್ತಿದ್ದುದನ್ನು ತಡೆಯಲಿಲ್ಲ. ಊರನ್ನು ಎಚ್ಚರಿಸಬೇಕಾದ ಸೈರನ್ ಕೂಗಲೇ ಇಲ್ಲ. 1989ರ ನಿಯಮ ಬಂದು ಆಗ 30 ವರ್ಷ ದಾಟಿತ್ತು. ಇನ್ನು ಕುಲುಮೆಯ ಅನಿಲ: 2014ರ ಜೂನ್ 12ರಂದು ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಪಂಪಿನ ನೀರಿನ ಒತ್ತಡ ಇಳಿದು, ನೀರಿನ ಪೈಪಿನಲ್ಲಿ ಅನಿಲ ಹಿಂದಕ್ಕೆ ಬಂದು ಆರು ಜನ ಸತ್ತರು. ಅವರಲ್ಲಿ ಹಿರಿಯ ಅಧಿಕಾರಿಗಳೂ ಇದ್ದರು. ಅದೂ ಸೈಲ್ ಕಾರ್ಖಾನೆಯೇ. ದೊಡ್ಡ ಬೇಲಿ, ದೊಡ್ಡ ಹೆಸರು ಇದ್ದರೆ ಸಾಕಾಗುವುದಿಲ್ಲ.

ಆದರೂ ದೊಡ್ಡ ಬೇಲಿಗೆ ಒಂದು ಗುಣ ಇತ್ತು. ಗೇಟು ಇತ್ತು, ಸೇಫ್ಟಿ ಆಫೀಸರ್ ಇದ್ದರು, ಯೂನಿಯನ್ ಇತ್ತು, ಬೆಂಕಿ ಆರಿಸುವವರು ಇದ್ದರು. ತಪ್ಪಾದರೆ ಯಾರನ್ನು ಕೇಳಬೇಕು ಎಂದು ಗೊತ್ತಿತ್ತು. ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಹಳ್ಳಿಗಳನ್ನು ತಟ್ಟಿದ ಅಪಾಯಗಳನ್ನು ನೋಡಿದರೆ ಅವು ಹೆಚ್ಚಾಗಿ ಗೇಟೇ ಇಲ್ಲದ ಕಡೆಯಿಂದ ಬಂದಿವೆ.

2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡಿತು. ಸತ್ತವರು ರಸ್ತೆ ಪಕ್ಕದ ಮನೆಗಳವರು. 2024ರ ಜೂನ್‌ನಲ್ಲಿ ಮೈಸೂರಿನ ಹಳೇ ಕೆಸರೆಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಕ್ಲೋರಿನ್ ಸಿಲಿಂಡರ್ ಕತ್ತರಿಸಲು ಹೋಗಿ ಅನಿಲ ಸೋರಿತು, ಸುತ್ತಲಿನ ಹತ್ತಾರು ಜನ ಆಸ್ಪತ್ರೆ ಸೇರಿದರು. ಹುಣಸೋಡು ಆಗಿ ಸುಮಾರು ಒಂದು ತಿಂಗಳಿಗೇ, 2021ರ ಫೆಬ್ರವರಿ 22ರ ನಡುರಾತ್ರಿ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಬಚ್ಚಿಟ್ಟಿದ್ದ ಜಿಲೆಟಿನ್ ಸಾಗಿಸಿ ವಿಲೇವಾರಿ ಮಾಡಲು ಹೋಗಿ ಮತ್ತೆ ಆರು ಜನ ಸತ್ತರು.

ಸ್ಫೋಟಕಕ್ಕೆ ಕಾನೂನು ಇಲ್ಲ ಎನ್ನುವ ಹಾಗಿಲ್ಲ. ಎಲ್ಲಕ್ಕಿಂತ ಹಳೆಯ ಕಾನೂನು ಅದರದೇ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಸ್ಫೋಟಕ ಸುರಕ್ಷತಾ ಸಂಸ್ಥೆಗೆ 1898ರಿಂದ ಇತಿಹಾಸವಿದೆ. ಲೈಸೆನ್ಸ್ ಇಲ್ಲದೆ ಇಡುವಂತಿಲ್ಲ. ಇಡಲು ವಸತಿಯಿಂದ ದೂರ ಮದ್ದಿನ ಮನೆ ಬೇಕು. ಸಾಗಿಸಲು ಅದಕ್ಕೆಂದೇ ಪರವಾನಗಿ ಪಡೆದ ವಾಹನ ಬೇಕು. ಡಿಟೊನೇಟರ್ ಬೇರೆ, ಜಿಲೆಟಿನ್ ಬೇರೆ ಇರಬೇಕು. ಲೆಕ್ಕದ ಪುಸ್ತಕ ಬೇಕು. ಕ್ವಾರಿಯಲ್ಲಿ ಕೂಲಿಗೆ ಹೋಗುವ ಹುಡುಗನಿಗೆ ಇದರಲ್ಲಿ ಒಂದು ಸಾಲನ್ನೂ ಯಾರೂ ಓದಿ ಹೇಳಿರುವುದಿಲ್ಲ. ಅವನು ಏರಿ ಕುಳಿತ ಲಾರಿಯಲ್ಲಿ ಏನಿದೆ ಎಂಬುದೇ ಎಷ್ಟೋ ಸಲ ಅವನಿಗೆ ಗೊತ್ತಿರುವುದಿಲ್ಲ. ದಿನವೂ ಕಲ್ಲು ಸಿಡಿಯುವ ಸದ್ದು ಕೇಳುವ ಊರಲ್ಲಿ ಆ ಮದ್ದು ಎಲ್ಲಿಂದ ಬರುತ್ತದೆ, ರಾತ್ರಿ ಎಲ್ಲಿ ಇಡುತ್ತಾರೆ ಎಂದು ಗ್ರಾಮಸಭೆಯಲ್ಲಿ ಕೇಳುವುದು ತಪ್ಪಲ್ಲ. ಧೂಳಿನ ಬಗ್ಗೆ, ಒಡೆದ ಗೋಡೆಯ ಬಗ್ಗೆ ಕೇಳುತ್ತೇವೆ. ಮದ್ದಿನ ಬಗ್ಗೆ ಕೇಳುವುದಿಲ್ಲ.

ನಿಯಮದಲ್ಲೂ ಒಂದು ಸಂದು ಇದೆ. 1989ರ ಪಟ್ಟಿಯಲ್ಲಿ ಕ್ಲೋರಿನ್‌ನ ಮಿತಿ ಶುರುವಾಗುವುದು 10 ಟನ್‌ನಿಂದ. ಕ್ಲೋರಿನ್ ತುಂಬುವ ದೊಡ್ಡ ಸಿಲಿಂಡರಿನಲ್ಲಿ ಇರುವುದು ಸುಮಾರು 900 ಕಿಲೊ. ಅಂಥ ಎರಡು ಮೂರು ಇಟ್ಟುಕೊಂಡ ಕಡೆ ಎಚ್ಚರಿಕೆಯ ಸಾಮಾನ್ಯ ಕರ್ತವ್ಯ ಇದ್ದೇ ಇದೆ, ಆದರೆ ಊರಿನವರೆಗೆ ಬರುವ ದೊಡ್ಡ ಯೋಜನೆ, ತಾಲೀಮು ಇವೆಲ್ಲ ಇರುವುದಿಲ್ಲ. ದೊಡ್ಡ ಡೇರಿ, ಐಸ್ ಫ್ಯಾಕ್ಟರಿ, ಶೀತಲಗೃಹಗಳಲ್ಲಿ ತಣ್ಣಗೆ ಮಾಡಲು ಬಳಸುವ ಅಮೋನಿಯಾದ ಕಥೆಯೂ ಅಷ್ಟೇ. ಸಂಗ್ರಹಕ್ಕೆ ಮಿತಿ 60 ಟನ್. ಕಾನೂನು ತೂಕ ನೋಡುತ್ತದೆ, ಅನಿಲ ಗಾಳಿಯ ದಿಕ್ಕು ನೋಡುತ್ತದೆ.

2025ರ ನವೆಂಬರ್ 21ರಿಂದ ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ ಮೊದಲು 10 ಜನ ಕೆಲಸಗಾರರಿದ್ದರೆ ಕಾರ್ಖಾನೆ ಎನ್ನಿಸಿಕೊಳ್ಳುತ್ತಿತ್ತು, ಈಗ 20 ಬೇಕು. ಅಪಾಯದ ಮಾಹಿತಿಯನ್ನು ಸುತ್ತಲಿನ ಜನರಿಗೆ ತಿಳಿಸಬೇಕೆಂಬ ಕರ್ತವ್ಯವನ್ನು ಹೊಸದರಲ್ಲೂ ಉಳಿಸಿದ್ದಾರೆ. ಸಣ್ಣ ಶೆಡ್‌ಗಳು ಲೆಕ್ಕದಿಂದ ಇನ್ನಷ್ಟು ಹೊರಗೆ ಹೋಗುತ್ತವೆಯೇ ಎಂಬ ಆತಂಕ ನಮಗಂತೂ ಇದೆ.

ರಸ್ತೆಯ ಮೇಲೆ ಹೋಗುವ ಟ್ಯಾಂಕರ್‌ಗಳಿಗೆ ಒಂದು ಗುರುತು ಇದೆ, ಮಕ್ಕಳಿಗೂ ಹೇಳಿಕೊಡಬಹುದು. ಹಿಂದೆ ಮತ್ತು ಪಕ್ಕದಲ್ಲಿ ಒಂದು ಫಲಕ, ಅದರಲ್ಲಿ ನಾಲ್ಕು ಅಂಕೆ, ತುರ್ತು ಫೋನ್ ನಂಬರ್. 1075 ಎಂದರೆ ಅಡುಗೆ ಅನಿಲ. 1203 ಪೆಟ್ರೋಲ್. 1005 ಅಮೋನಿಯಾ. 1017 ಕ್ಲೋರಿನ್. ಟ್ಯಾಂಕರ್ ಉರುಳಿದರೆ ಹತ್ತಿರ ಹೋಗಿ ವಿಡಿಯೊ ಮಾಡುವ ಬದಲು ದೂರದಿಂದಲೇ ಆ ಅಂಕೆ ಓದಲು ಸಾಧ್ಯವಾದರೆ 112ಕ್ಕೆ ಹೇಳಿ. ಗಾಳಿ ಬರುವ ಕಡೆಗೆ ಅಥವಾ ಅಡ್ಡಕ್ಕೆ ಸರಿಯಿರಿ. ಕ್ಲೋರಿನ್ ಆದರೆ ದಿಬ್ಬ ಹತ್ತಿ, ಸೋರುವ ಸಿಲಿಂಡರಿನ ಮೇಲೆ ನೀರು ಸುರಿಯಬೇಡಿ, ತೂತು ಇನ್ನೂ ದೊಡ್ಡದಾಗುತ್ತದೆ. ಅಡುಗೆ ಅನಿಲವಾದರೆ ಬೈಕು ಕೂಡ ಸ್ಟಾರ್ಟ್ ಮಾಡಬೇಡಿ.

ಹೊರಗಿನ ಊರುಗಳ ತುರ್ತು ಯೋಜನೆಯನ್ನು ಕೇಳಬೇಕಾದ ಜಾಗ ಜಿಲ್ಲಾಧಿಕಾರಿ ಕಚೇರಿ. ಮಾಹಿತಿ ಹಕ್ಕಿನ ಅರ್ಜಿಗೆ ₹10. ನಾವಾದರೆ ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕಿನಲ್ಲಿ ಆ ಪಟ್ಟಿಗೆ ಬರುವ ಕಾರ್ಖಾನೆ ಯಾವುವು, ನಿಂತ ಕಾರ್ಖಾನೆಗಳಲ್ಲಿ ಉಳಿದಿರುವ ರಾಸಾಯನಿಕ ಏನೇನು, ಅದನ್ನು ಕಡೆಯ ಬಾರಿ ಪರಿಶೀಲಿಸಿದ್ದು ಯಾವಾಗ, ಲೈಸೆನ್ಸ್ ಇರುವ ಮದ್ದಿನ ಮನೆಗಳು ಯಾವ ಗ್ರಾಮ ಪಂಚಾಯಿತಿಗಳಲ್ಲಿವೆ, ಕಡೆಯ ತಾಲೀಮು ನಡೆದ ತಾರೀಖು ಯಾವುದು, ಅದಕ್ಕೆ ಯಾವ ಊರಿನವರನ್ನು ಕರೆದಿದ್ದರು.